ಕಾಲಿನ ಧಮನಿಯ ಚಿತ್ರ: ಒಂದು ಕಿರುಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಐವತ್ತು ದಾಟಿದ್ದಾರೆ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ನೋವು ಬಿಡುತ್ತದೆ ಎನ್ನುವವರೂ ಇದ್ದಾರೆ. ಸಕ್ಕರೆ ಕಾಯಿಲೆ, ಧೂಮಪಾನಗಳಿಂದ ಕಾಲಿನ ಧಮನಿ ಕಿರಿದಾದಾಗ ಹೀಗಾಗುವುದುಂಟು. ವೈದ್ಯರು ಆಂಜಿಯೋಗ್ರಾಮ್ ಎಂದೊಡನೆ ಅಂಜುವವರಿಗಾಗಿ ಈ ಬರಹ.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣಕ್ಕೆ ಎಲುಬು ಕಂಡಿತೇ ಹೊರತು ರಕ್ತನಾಳ ಕಾಣಲಿಲ್ಲ. ಮರುವರ್ಷವೇ ವಿಯೆನ್ನಾದಲ್ಲಿ ಶವದ ಕೈಯೊಂದರ ನಾಳಗಳಿಗೆ ಕಿರಣವನ್ನು ತಡೆಯುವ ದ್ರವ ತುಂಬಿ ಚಿತ್ರ ತೆಗೆದರು. ಬದುಕಿರುವವರಿಗೆ ಆ ದ್ರವ ಸಲ್ಲದು. 1924ರಲ್ಲಿ ಅಮೆರಿಕದ ಬಾರ್ನಿ ಬ್ರೂಕ್ಸ್ ಸೋಡಿಯಂ ಅಯೋಡೈಡ್ ದ್ರಾವಣದಿಂದ ರೋಗಿಗಳ ಕಾಲಿನ ಧಮನಿಗಳನ್ನು ಚಿತ್ರಿಸಿದರು. ಅದು ಬಹಳ ನೋವಿನ ಕ್ರಮ. 1929ರಲ್ಲಿ ಲಿಸ್ಬನ್ನಿನ ಡಾಸ್ ಸಾಂಟೋಸ್ ಬೆನ್ನಿನ ಕಡೆಯಿಂದ ನೀಳವಾದ ಸೂಜಿಯನ್ನು ಮಹಾಧಮನಿಗೇ ಚುಚ್ಚಿದರು.

ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಉಪಾಯ ಸರಳವಾದುದು: ಸೂಜಿಯೊಳಗೆ ತಂತಿ ತೂರಿಸಿ, ಸೂಜಿ ತೆಗೆದು, ತಂತಿಯ ಮೇಲೆ ಮೃದುವಾದ ನಳಿಕೆಯನ್ನು ಜಾರಿಸುವುದು. ಈ ದಾರಿಯನ್ನೇ ಹಿಡಿದು 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯೊಬ್ಬರ ಧಮನಿಯನ್ನು ಹಿಗ್ಗಿಸಿದರು. ಆಕೆಯ ಕಾಲು ಉಳಿಯಿತು.

ಇಂದು ಸಾಮಾನ್ಯವಾಗಿ ತೊಡೆಸಂದಿಯನ್ನು ಮರಗಟ್ಟಿಸಿ ನಳಿಕೆಯನ್ನು ಒಳಬಿಡುತ್ತಾರೆ. ಬಣ್ಣ ಹರಿದಾಗ ಕೆಲವು ಕ್ಷಣ ಬಿಸಿಯೆನಿಸುತ್ತದೆ. ಅನಂತರ ರಕ್ತಸ್ರಾವವಾಗದಂತೆ ಕೆಲವು ಗಂಟೆ ಕಾಲು ಮಡಿಸದೆ ಮಲಗಬೇಕು. ಮೂತ್ರಪಿಂಡದ ತೊಂದರೆ, ಅಲರ್ಜಿ, ಮೆಟ್‌ಫಾರ್ಮಿನ್, ರಕ್ತ ತೆಳುಗೊಳಿಸುವ ಮಾತ್ರೆ ಇವನ್ನು ಮೊದಲೇ ವೈದ್ಯರಿಗೆ ತಿಳಿಸಿ. ಸಂದೇಹವಿದ್ದರೆ ಕೇಳಿ, ಆದರೆ ಹೆದರಿ ಮುಂದೂಡಬೇಡಿ. ಸೂಜಿಯ ಭಯಕ್ಕಿಂತ ಕಾಲು ದೊಡ್ಡದು.