ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ತೆರಿಗೆಗಳು

ಹಾಸನ ಜಿಲ್ಲೆಯ ಈ ಮೂರು ಊರುಗಳ ನಿವಾಸಿಗಳು ನಾಡಿನ ಆಡಳಿತಕ್ಕೂ ಊರಿನ ಆಡಳಿತಕ್ಕೂ ತೆತ್ತುಕೊಂಡು ಬಂದ ತೆರಿಗೆಗಳ ಚರಿತ್ರೆ ಹೊಯ್ಸಳರ ಶಾಸನಗಳಿಂದ ಮೊದಲಾಗುತ್ತದೆ. ಆ ಕಲ್ಲುಗಳಲ್ಲಿ ತೆರಿಗೆಯ ಹೆಸರು ಕಾಣಸಿಗುವುದು ಬಹುಮಟ್ಟಿಗೆ ಅದನ್ನು ಮನ್ನಾ ಮಾಡಿದಾಗ, ಇಲ್ಲವೆ ದೇವಾಲಯಕ್ಕೋ ಕೆರೆಗೋ ಅಗ್ರಹಾರಕ್ಕೋ ಬಿಟ್ಟುಕೊಟ್ಟಾಗ. ದಿನನಿತ್ಯದ ವಸೂಲಿಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಹಾಗಾಗಿ ಆ ಕಾಲದ ಪ್ರಜೆಯ ಹೊರೆಯನ್ನು ನಾವು ವಿನಾಯಿತಿಗಳ ಪಟ್ಟಿಯಿಂದಲೇ ಊಹಿಸಬೇಕು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ಹಳೇಬೀಡು ಆಗ ದೋರಸಮುದ್ರವೆಂಬ ರಾಜಧಾನಿ. ಭೂಮಿಯ ಮೇಲಿನ ನಿಗದಿತ ಕಂದಾಯಕ್ಕೆ ಸಿದ್ಧಾಯ ಎನ್ನುತ್ತಿದ್ದರು. ಮನೆಗೆ ಮನೆದೆರೆ, ನೇಕಾರನ ಮಗ್ಗಕ್ಕೆ ಮಗ್ಗದೆರೆ, ಎಣ್ಣೆಯ ಗಾಣಕ್ಕೆ ಗಾಣದೆರೆ. ಸರಕಿನ ಮೇಲಿನ ದೊಡ್ಡ ಸುಂಕ ಹೆಜ್ಜುಂಕ, ಚಿಲ್ಲರೆ ಬಾಬುಗಳು ಕಿರುಕುಳ. ಅರಮನೆಯ ಆನೆ ಕುದುರೆಗಳ ಹೆಸರಿನಲ್ಲೂ ‘ಸೇಸೆ’ ಎತ್ತುತ್ತಿದ್ದರು. ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ನಡೆಯುತ್ತಿತ್ತು.

ಈ ಕಾಲದ ಅತಿ ಕುತೂಹಲದ ದಾಖಲೆ 1279ರದು. ಕರ್ಣಾಟ, ತೆಲುಗು, ತುಳು ಮುಂತಾದ ನಾಡುಗಳಿಂದ ಹೋಗಿ ಕಾಶಿಯಲ್ಲಿ ನೆಲೆಸಿದವರು ಅಲ್ಲಿನ ತುರುಷ್ಕ ಆಳ್ವಿಕೆಗೆ ತೆರಿಗೆ ಕಟ್ಟಬೇಕಾಗಿತ್ತು. ಅದನ್ನು ತುಂಬಿಕೊಡಲೆಂದು ಹೊಯ್ಸಳ ದೊರೆ ಮೂರನೆಯ ನರಸಿಂಹ ಹೆಬ್ಬಾಲೆ ಗ್ರಾಮದ ವಾರ್ಷಿಕ ಹುಟ್ಟುವಳಿ 645 ನಿಷ್ಕಗಳನ್ನು ಮೀಸಲಿಟ್ಟ. ಹೊರನಾಡಿನಲ್ಲಿ ಬಿದ್ದ ತೆರಿಗೆಯನ್ನು ಇಲ್ಲಿನ ಒಕ್ಕಲಿನ ತೆರಿಗೆಯಿಂದ ತೀರಿಸಿದ ಇಂಥ ಏರ್ಪಾಡು ಅಪರೂಪ. ಹೆಬ್ಬಾಲೆಯ ರೈತ ಇದಕ್ಕೆ ಏನೆಂದನೋ, ಶಾಸನ ಹೇಳುವುದಿಲ್ಲ.

ಮುಂದೆ ವಿಜಯನಗರ, ಬೇಲೂರು ನಾಯಕರು, ಮೈಸೂರು ಅರಸರು ಒಬ್ಬರಾದ ಮೇಲೊಬ್ಬರು ಬಂದರು. ಹಳೆಯ ಬಾಬುಗಳು ಉಳಿದು ಹೊಸವು ಸೇರುತ್ತಾ ಹೋದವು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಮನೆ, ಅಂಗಡಿ, ಮಗ್ಗಗಳ ಮೇಲಿನದು ಮೊಹತರ್ಫಾ ಎನಿಸಿತ್ತು, ಸಾಗಣೆಯ ಸುಂಕ ಸಾಯರ್ ಎನಿಸಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಇಂಥ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಅಲ್ಲಿಯವರೆಗೆ ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಹಣ ತೆರಬೇಕಿತ್ತು. ಪಾಳೆಯಗಾರನೊಬ್ಬನ ತಪ್ಪಿಹೋದ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿ ತಲೆಮಾರುಗಳ ಕಾಲ ತೆರಿಗೆ ಕಟ್ಟುತ್ತಿತ್ತಂತೆ! 1863ರಿಂದ ಸರ್ವೆ ಸೆಟ್ಲ್‌ಮೆಂಟ್ ಶುರುವಾಗಿ, ಕಂದಾಯ ಸರ್ವೆ ನಂಬರಿಗೂ ಮಣ್ಣಿನ ತರಗತಿಗೂ ಗಂಟುಬಿತ್ತು. ವಸೂಲಿ ಮಾಡುತ್ತಿದ್ದ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯಿದೆ ತೆಗೆದುಹಾಕಿತು.

ಪಟ್ಟಣಗಳ ಬಾಗಿಲಲ್ಲಿ ಸರಕಿನ ಗಾಡಿ ನಿಲ್ಲಿಸಿ ಎತ್ತುತ್ತಿದ್ದ ಆಕ್ಟ್ರಾಯ್ 1979ರಲ್ಲಿ ನಿಂತಿತು. ಮಾರಾಟ ತೆರಿಗೆ 2005ರ ಏಪ್ರಿಲ್‌ನಲ್ಲಿ ವ್ಯಾಟ್ ಆಯಿತು, 2017ರ ಜುಲೈ 1ರಂದು ಅದರ ಬಹುಪಾಲು ಜಿಎಸ್‌ಟಿಯಲ್ಲಿ ಕರಗಿತು. ಪೆಟ್ರೋಲ್, ಡೀಸೆಲ್, ಮದ್ಯ ಮುಂತಾದವು ಹೊರಗುಳಿದವು. ಅವುಗಳ ಮಾರಾಟ ತೆರಿಗೆಯನ್ನು ರಾಜ್ಯ ಈಗಲೂ ತಾನೇ ನಿಗದಿ ಮಾಡುತ್ತದೆ.

ಆದಾಯ ತೆರಿಗೆ ಕೇಂದ್ರದ್ದು. ಕ್ಯಾಲಿಫೋರ್ನಿಯಾದಲ್ಲಿರುವ ಅರಸೀಕೆರೆಯವರು ಅಲ್ಲಿನ ರಾಜ್ಯಕ್ಕೂ ಬೇರೆಯಾಗಿ ಆದಾಯದ ಲೆಕ್ಕ ಒಪ್ಪಿಸುತ್ತಾರೆ. ಊರಿನಲ್ಲಿರುವ ಅವರ ಅಣ್ಣನಿಗೆ ಆ ತಾಪತ್ರಯವಿಲ್ಲ. ಆದರೆ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಕ್ಕೇ ಕೊಟ್ಟಿದೆ. ಸಂಬಳದಾರರು ಗಮನಿಸದೆ ಕಟ್ಟುವುದು ವೃತ್ತಿ ತೆರಿಗೆ: 1976ರ ಕಾಯಿದೆಯದು, ಸಂವಿಧಾನದ 276ನೇ ವಿಧಿಯ ಪ್ರಕಾರ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. 2023ರ ಏಪ್ರಿಲ್‌ನಿಂದ ತಿಂಗಳ ಸಂಬಳ 25,000 ರೂಪಾಯಿ ಮುಟ್ಟದವರನ್ನು ಇದರಿಂದ ಬಿಡಲಾಗಿದೆ. ಮಿತಿ ಮುಟ್ಟಿದವರಿಗೆ ತಿಂಗಳಿಗೆ 200 ರೂಪಾಯಿ. 2025ರಿಂದ ಫೆಬ್ರವರಿಯಲ್ಲಿ ಮಾತ್ರ 300.

ಮನೆ ಕಂದಾಯವೇ ನಿಜವಾದ ಸ್ಥಳೀಯ ತೆರಿಗೆ. ಅರಸೀಕೆರೆಯಲ್ಲಿ ಅದು ನಗರಸಭೆಗೆ, ಬೇಲೂರಿನಲ್ಲಿ ಪುರಸಭೆಗೆ ಹೋಗುತ್ತದೆ. ಸುತ್ತಲ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ. ಪಟ್ಟಣಗಳಲ್ಲಿ 2002ರಿಂದ ಮಾಲೀಕರೇ ಅಳತೆ, ಬಳಕೆ, ಮೌಲ್ಯ ನಮೂದಿಸಿ ತೆರಿಗೆ ಘೋಷಿಸಿಕೊಳ್ಳುವ ಪದ್ಧತಿಯಿದೆ. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ. 5 ರಿಯಾಯಿತಿ, ಜೂನ್ ಕಳೆದರೆ ತಿಂಗಳಿಗೆ ಶೇ. 2 ದಂಡ. ರಸೀದಿಯನ್ನು ಬಿಡಿಸಿ ಓದಿದರೆ ಒಳಗೆ ಬೇರೆ ಬೇರೆ ಬಾಬುಗಳಿವೆ: ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಜೊತೆಗೆ ಆರೋಗ್ಯ ಕರ. ಇವು ಊರಿನಲ್ಲಿ ವಸೂಲಾದರೂ ಊರಿಗೆ ಉಳಿಯುವ ಹಣವಲ್ಲ. ಹಳ್ಳಿಯವರಿಗೆ ಇ-ಸ್ವತ್ತು ಎಂಬ ಪಂಚಾಯಿತಿ ಆಸ್ತಿ ದಾಖಲೆಯ ನಮೂನೆ 9 ಮತ್ತು 11 ಇದೇ ಕಂದಾಯದ ಲೆಕ್ಕಕ್ಕೆ ಹೊಂದಿಕೊಂಡಿವೆ. ಬ್ಯಾಂಕಿನ ಸಾಲಕ್ಕೂ ನೋಂದಣಿಗೂ ಅವು ಬೇಕಾದ್ದರಿಂದ, ಬಾಕಿ ತೀರಿಸಲು ಜನ ಪಂಚಾಯಿತಿಗೆ ಬರುವುದು ಹೆಚ್ಚಾಗಿ ಆಸ್ತಿ ಮಾರುವಾಗಲೇ. ಖಾತೆಯಾಗಲಿ ತೆರಿಗೆ ರಸೀದಿಯಾಗಲಿ ಒಡೆತನದ ಹಕ್ಕುಪತ್ರವಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ಆದರೂ ವ್ಯಾಜ್ಯ ಬಂದಾಗ ಮೊದಲು ಪೆಟ್ಟಿಗೆಯಿಂದ ಹೊರಬರುವ ಕಾಗದ ಅದೇ.

ತೆಂಗು, ಕೊಬ್ಬರಿಗೆ ಹೆಸರಾದ ಅರಸೀಕೆರೆಯ ಎಪಿಎಂಸಿಯಲ್ಲಿ ಎತ್ತುವ ಮಾರುಕಟ್ಟೆ ಶುಲ್ಕ ಹಳೆಯ ಸುಂಕದ ದಾಯಾದಿ. ಕಾನೂನಿನ ಪ್ರಕಾರ ಅದನ್ನು ಕೊಳ್ಳುವವನು ಕೊಡಬೇಕೇ ಹೊರತು ಕೊಬ್ಬರಿ ತಂದ ರೈತನಲ್ಲ.