ಮಕ್ಕಳ ಗಡ್ಡೆ: ಹಂತ, ಅಪಾಯ ಮತ್ತು ಮೊದಲ ಆಪರೇಷನ್

ಭ್ರೂಣ ಬೆಳೆಯುವಾಗ ಅಂಡಾಶಯ ಅಥವಾ ವೃಷಣ ಸೇರಬೇಕಾದ ಕೆಲವು ಕೋಶಗಳು ದಾರಿಯಲ್ಲೇ ಉಳಿದುಬಿಡುತ್ತವೆ. ಮುಂದೆ ಅವೇ ಬೆನ್ನುಮೂಳೆಯ ತುದಿಯಲ್ಲೋ ಎದೆಯೊಳಗೋ ಗಡ್ಡೆಯಾಗಬಹುದು. ಹೀಗೆ ಎಲ್ಲೆಂದರಲ್ಲಿ ಹುಟ್ಟುವ ಜರ್ಮ್ ಸೆಲ್ ಗಡ್ಡೆಗಳ ಹಂತ ಗೊತ್ತುಮಾಡಲು ವೈದ್ಯರಿಗೆ ದಶಕಗಳೇ ಹಿಡಿದವು.

1959ರಲ್ಲಿ ಡೆನ್ಮಾರ್ಕಿನ ಗುನ್ನಾರ್ ಟೈಲುಮ್ ಇವುಗಳಲ್ಲಿ ಒಂದು ಬಗೆಯನ್ನು ಸ್ಪಷ್ಟವಾಗಿ ಗುರುತಿಸಿದರು. 1963ರಲ್ಲಿ ರಷ್ಯಾದ ಅಬೆಲೆವ್, ಯಕೃತ್ತಿನ ಗಡ್ಡೆಯಿದ್ದ ಇಲಿಗಳ ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ (ಎಎಫ್‌ಪಿ) ಎಂಬ ಪ್ರೋಟೀನ್ ಕಂಡರು. ಇದೇ ಎಎಫ್‌ಪಿ ಮುಂದೆ ಮಕ್ಕಳ ಈ ಗಡ್ಡೆಗಳಿಗೂ ಸುಳಿವಾಯಿತು. ಗಡ್ಡೆ ಪೂರ್ತಿ ಹೋದರೆ ಐದರಿಂದ ಏಳು ದಿನಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಇಳಿಯದಿದ್ದರೆ ಏನೋ ಉಳಿದಿದೆ ಎಂದರ್ಥ. ಆದರೆ ಹಸುಗೂಸುಗಳ ರಕ್ತದಲ್ಲಿ ಎಎಫ್‌ಪಿ ಸಹಜವಾಗಿಯೇ ಹೆಚ್ಚು. ವಯಸ್ಸು ನೋಡದೆ ರಿಪೋರ್ಟ್ ಓದುವಂತಿಲ್ಲ.

1974ರಲ್ಲಿ ಆಲ್ಟ್‌ಮನ್ ಮತ್ತು ಸಂಗಡಿಗರು ಬೆನ್ನುಮೂಳೆ ತುದಿಯ ಗಡ್ಡೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬಹುಪಾಲು ಹೊರಗೆ ಕಾಣುವಂಥದ್ದು ಹುಟ್ಟಿದಾಗಲೇ ಕಣ್ಣಿಗೆ ಬೀಳುತ್ತದೆ. ಒಳಗೇ ಅಡಗಿದ್ದು ತಡವಾಗಿ ಪತ್ತೆಯಾಗುತ್ತದೆ, ಅಷ್ಟರಲ್ಲಿ ಕೆಡುಕು ಬೆಳೆದಿರಬಹುದು.

ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಿದ ಔಷಧ ಸಿಸ್‌ಪ್ಲಾಟಿನ್. 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಐನ್‌ಹಾರ್ನ್ ಇದನ್ನು ವೃಷಣದ ಕ್ಯಾನ್ಸರ್‌ಗೆ ಬೇರೆ ಔಷಧಗಳ ಜೊತೆ ಕೊಟ್ಟರು. ಬದುಕುವವರು ಹೆಚ್ಚಿದರು, ಆದರೆ ಆ ಔಷಧ ಕಿವಿ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಎಳೆಯ ಮಕ್ಕಳಿಗೆ ಎಷ್ಟು ಕೊಟ್ಟರೆ ಸಾಕು ಎಂಬ ಪ್ರಶ್ನೆ ಅಲ್ಲಿಂದ ದೊಡ್ಡದಾಯಿತು. ಅಮೆರಿಕ, ಬ್ರಿಟನ್‌ಗಳಲ್ಲಿ 1985ರಿಂದ 2009ರವರೆಗೆ ನಡೆದ ಚಿಕಿತ್ಸಾ ಪ್ರಯೋಗಗಳ 519 ರೋಗಿಗಳ ವಿವರ ಒಟ್ಟುಗೂಡಿಸಿ, 2015ರಲ್ಲಿ ಹೊಸ ಅಪಾಯ ವಿಂಗಡಣೆ ಪ್ರಕಟವಾಯಿತು. ಹನ್ನೊಂದು ವರ್ಷ ದಾಟಿದವರಲ್ಲಿ ಅಂಡಾಶಯ, ವೃಷಣಗಳ ಹೊರಗೆ ಹುಟ್ಟಿದ ಗಡ್ಡೆ ಹರಡಿದ್ದರೆ ಅಪಾಯ ಹೆಚ್ಚು ಎಂದು ತಿಳಿದದ್ದು ಅದರಿಂದಲೇ. ಪುಟ್ಟ ಹುಡುಗನ ವೃಷಣದ ಮೊದಲ ಹಂತದ ಗಡ್ಡೆಗೆ ಇಂದು ಶಸ್ತ್ರಚಿಕಿತ್ಸೆ ಮಾಡಿ, ಕಿಮೊ ಕೊಡದೆ ಕಾದು ನೋಡುವುದು ರೂಢಿ.

ರಾಯಚೂರು ಜಿಲ್ಲೆಯ ನಮ್ಮ ಜವಳಗೇರಾದ ಮನೆಗಳಿಗೆ ಇದು ದೂರದ ಮಾತಲ್ಲ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇಲ್ಲಿಂದ ಸುಮಾರು 400 ಕಿ.ಮೀ. ಆದರೆ ಹಂತ ಬಹುಮಟ್ಟಿಗೆ ತೀರ್ಮಾನವಾಗುವುದು ಮೊದಲ ಆಪರೇಷನ್ ಟೇಬಲ್ಲಿನ ಮೇಲೆ, ಅದು ಸಿಂಧನೂರಿನದಿರಲಿ, ರಾಯಚೂರಿನದಿರಲಿ. ವೃಷಣದ ಗಡ್ಡೆಯನ್ನು ತೊಡೆಸಂದಿಯಿಂದ ತೆಗೆಯಬೇಕು. ವೃಷಣಚೀಲಕ್ಕೇ ಸೂಜಿ ಚುಚ್ಚಿ ಮಾದರಿ ತೆಗೆದರೆ ಹಂತ ಮೇಲೇರಬಹುದು. ಅಂಡಾಶಯದ ಗಡ್ಡೆ ಒಡೆದರೂ ಹಾಗೆಯೇ. ಹೊಟ್ಟೆಯ ನೀರನ್ನೂ ಪರೀಕ್ಷೆಗೆ ಹಿಡಿದಿಡಬೇಕು. ತೆಗೆದ ಗಡ್ಡೆಯ ತುಣುಕುಗಳಿರುವ ಮೇಣದ ಬ್ಲಾಕ್‌ಗಳನ್ನು ಲ್ಯಾಬಿನಿಂದ ಆಮೇಲೂ ತರಿಸಿಕೊಳ್ಳಬಹುದು. ಆಪರೇಷನ್‌ಗೆ ಮುಂಚೆಯೇ ಎಎಫ್‌ಪಿಗೆ ರಕ್ತ ತೆಗೆದಿರದಿದ್ದರೆ ಆ ಅಂಕಿ ಮತ್ತೆ ಸಿಗುವುದಿಲ್ಲ.