ಹಳೆಯ ಯಂತ್ರಕ್ಕೆ ಹೊಸ ಮುಳ್ಳು

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಿಡಿಗೇಶಿ, ಮಧುಗಿರಿ, ಪಾವಗಡಗಳ ಸೀಮೆ ಕಲ್ಲುಬೆಟ್ಟಗಳಿಗೂ ಪಾಳೇಗಾರರ ಕೋಟೆಗಳಿಗೂ ಹೆಸರಾದದ್ದು. ಇದೇ ಜಿಲ್ಲೆ ಕನ್ನಡ ವೃತ್ತಿರಂಗಭೂಮಿಯ ತವರುಗಳಲ್ಲಿ ಒಂದು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡೆಲ್ಲ ಸುತ್ತಿತು. ಕಂಪನಿ ಡೇರೆ ಕಿತ್ತು ಮುಂದಿನ ಊರಿಗೆ ಹೋದ ಮೇಲೂ ರಂಗಗೀತೆಯನ್ನು ಮತ್ತೆ ಕೇಳಿಸಬಲ್ಲ ಯಂತ್ರ ಆಗ ಇದ್ದದ್ದು ಗ್ರಾಮಫೋನ್ ಒಂದೇ. ಕೀ ಕೊಟ್ಟರೆ ಸ್ಪ್ರಿಂಗಿನ ಬಲದಿಂದ ತಿರುಗುತ್ತಿದ್ದ ಅದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ವಿದ್ಯುತ್ ಕಂಬ ಕಾಣದ ಹಳ್ಳಿಯಲ್ಲೂ ಅದು ಹಾಡಬಲ್ಲದಾಗಿತ್ತು.

ಅಂಥ ಕಪ್ಪು ತಟ್ಟೆಗಳು ಇಂದು ಅಟ್ಟದಿಂದ ಕೆಳಗಿಳಿದಾಗ ಪ್ರಶ್ನೆಯೊಂದು ಏಳುತ್ತದೆ. ಮನೆಯಲ್ಲಿರುವ ಹಳೆಯ ಯಂತ್ರವನ್ನೇ ಸರಿಪಡಿಸಿ ಉತ್ತಮಗೊಳಿಸಬೇಕೇ, ಹೊಸದನ್ನು ಕೊಳ್ಳಬೇಕೇ? ಇದು ಇಂದಿನ ಪ್ರಶ್ನೆಯಲ್ಲ. ತಟ್ಟೆಯ ಇತಿಹಾಸದುದ್ದಕ್ಕೂ ಇದು ಎದ್ದಿದೆ.

ಬದಲಾದದ್ದು ತುದಿ ಮಾತ್ರ

ಬ್ರಿಟನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆಯ ಕಾರ್ಖಾನೆ ತೆರೆಯಿತು. ಅರಗಿನಿಂದ ಮಾಡಿದ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಸುತ್ತಿತ್ತು.

ಮೊದಮೊದಲು ಗಾಯಕರು ದೊಡ್ಡ ಕೊಳವೆಯೊಳಗೆ ಕೂಗಿ ಹಾಡಬೇಕಿತ್ತು. 1925ರಲ್ಲಿ ಮೈಕ್ರೋಫೋನ್ ಬಂದು ಮುದ್ರಣ ಸುಧಾರಿಸಿತು. ಆದರೆ ಹಳೆಯ ಗ್ರಾಮಫೋನುಗಳಿಗೆ ಈ ಸೂಕ್ಷ್ಮ ಧ್ವನಿಯನ್ನು ಪೂರ್ತಿ ಹೊರಡಿಸುವ ಶಕ್ತಿಯಿರಲಿಲ್ಲ. ಆಗ ಯಂತ್ರವನ್ನೇ ಎಸೆಯಬೇಕಾಗಿರಲಿಲ್ಲ. ಮುಳ್ಳು ಸಿಕ್ಕಿಸುವ ಸೌಂಡ್‌ಬಾಕ್ಸನ್ನಷ್ಟೇ ಬಿಚ್ಚಿ, ಅಭ್ರಕದ ಪೊರೆಯ ಬದಲು ಅಲ್ಯೂಮಿನಿಯಂ ಪೊರೆಯಿದ್ದ ಹೊಸದನ್ನು ಹಾಕಿಕೊಳ್ಳಬಹುದಿತ್ತು. ರೇಡಿಯೋ ಬಂದ ಮೇಲೆ ವಿದ್ಯುತ್ ಪಿಕಪ್ಪುಗಳು ದೊರೆತವು. ಅದೇ ಹಳೆಯ ತಟ್ಟೆಯಂತ್ರ ರೇಡಿಯೋದ ಸ್ಪೀಕರಿನ ಮೂಲಕ ಹಾಡತೊಡಗಿತು.

ಅಮೆರಿಕದಲ್ಲಿ 1948ರಲ್ಲಿ ನಿಮಿಷಕ್ಕೆ 33 ಚಿಲ್ಲರೆ ಸುತ್ತಿನ ಎಲ್‌ಪಿ ತಟ್ಟೆ ಬಂತು. ಆದರೆ ಭಾರತದಲ್ಲಿ 78 ಸುತ್ತಿನ ತಟ್ಟೆಗಳು 1960ರ ದಶಕದಲ್ಲೂ ಅಚ್ಚಾಗುತ್ತಿದ್ದವು. ಹೀಗಾಗಿ ಆ ಕಾಲದ ಅನೇಕ ರೆಕಾರ್ಡ್ ಪ್ಲೇಯರುಗಳಿಗೆ 16, 33, 45, 78 ಎಂಬ ನಾಲ್ಕೂ ವೇಗಗಳಿದ್ದವು. ಹಿಡಿಕೆಯನ್ನು ತಿರುವಿದರೆ ಎರಡು ಬಗೆಯ ಮುಳ್ಳು ಸಿಗುತ್ತಿತ್ತು. ಮದುವೆ, ಜಾತ್ರೆಗಳಲ್ಲಿ ಹಾಡು ಮೊಳಗಿಸುತ್ತಿದ್ದ ಮೈಕ್ ಸೆಟ್ಟಿನವರಿಗೂ ಮುಳ್ಳು ಬದಲಾಯಿಸುವುದು ದಿನನಿತ್ಯದ ಕೆಲಸವಾಗಿತ್ತು.

ಮುಳ್ಳಿನ ಲೆಕ್ಕ

ಟರ್ನ್‌ಟೇಬಲ್ಲಿನ ಕೆಲಸ ಎರಡೇ: ತಟ್ಟೆಯನ್ನು ಒಂದೇ ವೇಗದಲ್ಲಿ ತಿರುಗಿಸುವುದು, ಗೀರಿನಲ್ಲಿ ಮುಳ್ಳನ್ನು ಹದವಾಗಿ ನಡೆಸುವುದು. ವೇಗ ತುಸು ಏರುಪೇರಾದರೂ ಶ್ರುತಿ ಜಾರುತ್ತದೆ. ಭಾರವಾದ ಲೋಹದ ತಟ್ಟೆಪೀಠ, ಒಳ್ಳೆಯ ಬೇರಿಂಗು ಇರುವ ಹಳೆಯ ಯಂತ್ರಗಳು ಮೊದಲನೆಯ ಕೆಲಸವನ್ನು ದಶಕಗಳ ನಂತರವೂ ಮಾಡಬಲ್ಲವು. ಅವುಗಳಲ್ಲಿ ಸವೆಯುವುದು ರಬ್ಬರ್ ಚಕ್ರ, ಬೆಲ್ಟು, ಒಣಗಿದ ಎಣ್ಣೆ, ವೈರು ಮತ್ತು ಮುಳ್ಳು. ಇವೆಲ್ಲ ಬದಲಿಸಬಹುದಾದವು. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ತಯಾರಾದ ಗ್ಯಾರರ್ಡ್ 301 ಯಂತ್ರಗಳನ್ನು ಹವ್ಯಾಸಿಗಳು ಇಂದಿಗೂ ಹೊಸ ಹಿಡಿಕೆ, ಹೊಸ ಕಾರ್ಟ್ರಿಡ್ಜ್ ಹಾಕಿ ಬಳಸುತ್ತಿರುವುದು ಈ ಕಾರಣಕ್ಕೇ.

ಕನ್ನಡದ ಹಳೆಯ ತಟ್ಟೆಗಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ಈಗ ಮಾರುಕಟ್ಟೆಗೆ ಬರುವ ಹಲವು ಹೊಸ ಟರ್ನ್‌ಟೇಬಲ್‌ಗಳಲ್ಲಿ 33 ಮತ್ತು 45ರ ವೇಗ ಮಾತ್ರ ಇರುತ್ತದೆ. 78ರ ಗೀರು ಎಲ್‌ಪಿಯದಕ್ಕಿಂತ ಅಗಲ. ಅದಕ್ಕೆ ಅಂಗುಲದ ಸಾವಿರದಲ್ಲಿ ಸುಮಾರು ಮೂರು ಭಾಗದಷ್ಟು ದಪ್ಪನೆಯ ತುದಿ ಬೇಕು. ಎಲ್‌ಪಿಯ ತುದಿ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಸಣ್ಣ ಮುಳ್ಳು ದೊಡ್ಡ ಗೀರಿನ ತಳದಲ್ಲಿ ದೂಳು ಕೆದರುತ್ತ ಸಾಗುತ್ತದೆ. ಕೇಳಿಸುವುದು ಹಾಡಿಗಿಂತ ಹೆಚ್ಚಾಗಿ ಕರಕರ ಸದ್ದು. ಇದಲ್ಲದೆ, ಆರಂಭದ ದಶಕಗಳ ತಟ್ಟೆಗಳೆಲ್ಲ ಸರಿಯಾಗಿ 78ರಲ್ಲೇ ಮುದ್ರಣಗೊಂಡಿಲ್ಲ. ವೇಗವನ್ನು ತುಸು ಹಿಗ್ಗಿಸಿ ಕುಗ್ಗಿಸುವ ತಿರುಪು ಇದ್ದರೆ ಮಾತ್ರ ಹಾಡಿನ ನಿಜವಾದ ಶ್ರುತಿ ಸಿಗುತ್ತದೆ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಕೀ ಕೊಡುವ ಗ್ರಾಮಫೋನಿನ ಸೌಂಡ್‌ಬಾಕ್ಸ್ ನೂರು ಗ್ರಾಂಗೂ ಮಿಕ್ಕಿದ ಭಾರವನ್ನು ಉಕ್ಕಿನ ಮುಳ್ಳಿನ ಮೇಲೆ ಹೇರುತ್ತದೆ. ಮಗ್ಗುಲಿಗೊಂದು ಹೊಸ ಮುಳ್ಳು ಹಾಕಬೇಕೆಂಬ ನಿಯಮವಿದ್ದದ್ದು ಅದಕ್ಕಾಗಿ. ಉಳಿತಾಯಕ್ಕೆಂದು ಒಂದೇ ಮುಳ್ಳನ್ನು ಹತ್ತು ಬಾರಿ ಓಡಿಸಿದ ಮನೆಗಳಲ್ಲಿ ತಟ್ಟೆಗಳು ಬೆಳ್ಳಗಾಗಿ ಸವೆದಿವೆ. ಇಂದಿನ ಕಾರ್ಟ್ರಿಡ್ಜ್ ಗೀರನ್ನು ಒತ್ತುವುದು ಸಾಮಾನ್ಯವಾಗಿ ಐದು ಗ್ರಾಂ ಒಳಗೆ. ಆದ್ದರಿಂದ ಅಪರೂಪದ ತಟ್ಟೆಯನ್ನು ಹಳೆಯ ಗ್ರಾಮಫೋನಿನ ಮೇಲೆ ಮೆರೆಸುವುದು ಅದನ್ನು ಅಳಿಸಿದಂತೆಯೇ. ಹಿಡಿಕೆ ಸಡಿಲವಾದ ಅಗ್ಗದ ಪ್ಲಾಸ್ಟಿಕ್ ಪ್ಲೇಯರಿಗೆ ಹಣ ಸುರಿಯುವುದೂ ವ್ಯರ್ಥ.

ಗಟ್ಟಿಮುಟ್ಟಾದ, 78ರ ವೇಗವಿರುವ ವಿದ್ಯುತ್ ಟರ್ನ್‌ಟೇಬಲ್ ಮನೆಯಲ್ಲಿದ್ದರೆ ಮಾತು ಬೇರೆ. ಅದರ ಬೇರಿಂಗಿಗೆ ಎಣ್ಣೆ ಬಿಟ್ಟು, ರಬ್ಬರ್ ಬದಲಿಸಿ, ಹಗುರವಾದ ಕಾರ್ಟ್ರಿಡ್ಜಿಗೆ ದಪ್ಪ ತುದಿಯ ಮುಳ್ಳು ತೊಡಿಸಿದರೆ ಅದು ಹಲವು ಹೊಸ ಯಂತ್ರಗಳಿಗಿಂತ ಚೆನ್ನಾಗಿ ಹಾಡೀತು. ಹಾಡುವಾಗಲೇ ಅದನ್ನು ಕಂಪ್ಯೂಟರಿಗೆ ಮುದ್ರಿಸಿಕೊಂಡರೆ ತಟ್ಟೆಯನ್ನು ಮತ್ತೆ ಮತ್ತೆ ಸವೆಸಬೇಕಿಲ್ಲ. ನಾಟಕ ಕಂಪನಿಗಳ ಡೇರೆ ಮತ್ತು ಪರದೆಗಳು ಬಹುಪಾಲು ಹೋದವು. ದನಿ ಮಾತ್ರ ಅರಗಿನ ಗೀರುಗಳಲ್ಲಿ ಅಲ್ಲಲ್ಲಿ ಉಳಿದಿದೆ. ಅದರ ಆಯುಷ್ಯ ಈಗ ಮುಳ್ಳಿನ ಮೊನೆಯಲ್ಲಿದೆ.